ಸತ್ತವರಿಗೆ ತಿಳಿಯಬೇಕಲ್ಲ

ನಮ್ಮ ಓಣಿಯಲ್ಲಿ ಈಗ ಯಾರಾದರೂ ತೀರಿಕೊಂಡರೆ ಬೀಗರಿಗಿಂತ ಮೊದಲು ಸ್ಪೀಕರ್ ಬರುತ್ತದೆ. ಎದೆಯೆತ್ತರದ ಕರೀ ಡಬ್ಬಿ, ಕೆಳಗೆ ಗಾಲಿ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯವನು ಮದುವೆಗೂ ಅದನ್ನೇ ಕೊಡುತ್ತಾನೆ, ಮಣ್ಣಿಗೂ ಅದನ್ನೇ ಕೊಡುತ್ತಾನೆ. ಒಳಗೆ ಸಿಕ್ಕಿಸುವ ಪೆನ್‌ಡ್ರೈವ್ ಮಾತ್ರ ಬೇರೆ. ಒಮ್ಮೆ ಗಡಿಬಿಡಿಯಲ್ಲಿ ಅದು ಅದಲುಬದಲಾಗಿ, ನಮ್ಮ ಹಿಂದಿನ ಮನೆಯ ಅಜ್ಜನ ಹೆಣದ ಮುಂದೆ ಅರಿಷಿಣ ಹಚ್ಚುವ ಹಾಡು ಶುರುವಾಗಿ, ಯಾರೋ ಓಡಿ ಹೋಗಿ ವೈರ್ ಕಿತ್ತರು. ಅಜ್ಜ ಬಹಳ ಚೇಷ್ಟೆಯ ಮನುಷ್ಯ. ಬದುಕಿದ್ದರೆ ಎಲ್ಲರಿಗಿಂತ ಹೆಚ್ಚು ಅವನೇ ನಗುತ್ತಿದ್ದ.

ಹೋದ ವಾರ ಎದುರು ಮನೆಗೆ ಆ ಡಬ್ಬಿ ಬಂತು. ತೀರಿಕೊಂಡ ಮುದುಕಿಯ ಮಗಳು ಗಂಡನ ಊರಿನಿಂದ ಓಡೋಡಿ ಬಂದವಳು, ತಾಯಿಯ ತಲೆದೆಸೆಗೆ ಕೂತು ಬಾಯಿ ತೆರೆದಳು. ಡಬ್ಬಿಯೊಳಗಿನ ಗವಾಯಿ ಅವಳಿಗಿಂತ ಜೋರಾಗಿದ್ದ. ಪಾಪ, ಅವಳು ಬಾಯಿ ಮುಚ್ಚಿ, ಸೆರಗು ಕಚ್ಚಿಕೊಂಡು ಸುಮ್ಮನೆ ಕೂತಳು. ಸುತ್ತ ಕೂತ ಹೆಂಗಸರಿಗೂ ಮಾಡಲು ಏನೂ ಕೆಲಸವಿರಲಿಲ್ಲ. ನಾನು ಅವರ ನಡುವೆ ಕೂತು ನಮ್ಮ ಅವ್ವನನ್ನು ನೆನೆಸಿಕೊಂಡೆ.

ನಮ್ಮವ್ವ ಹಣಮವ್ವ ಅಳುವುದರಲ್ಲಿ ಹೆಸರಾದವಳು. ನಗಬೇಡಿ, ನಿಜವಾಗಿಯೂ ಅದೊಂದು ಹೆಸರೇ. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಬರೀ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಜೊತೆ ಮಾತಾಡುತ್ತಾರೆ, ಅದಕ್ಕೊಂದು ಧಾಟಿ ಇರುತ್ತದೆ. ನಿನ್ನೆ ಕಡಬು ಬೇಕೆಂದವನು ಇವತ್ತು ಯಾಕೆ ಬಾಯಿ ಬಿಡುವುದಿಲ್ಲ ಎಂದು ಕೇಳುತ್ತಾರೆ, ಬೈಯುತ್ತಾರೆ, ಹಳೆಯ ಸುದ್ದಿ ತೆಗೆಯುತ್ತಾರೆ, ಅಲ್ಲಿ ಹೋದ ಮೇಲೆ ಇಂಥಿಂಥವರು ಸಿಕ್ಕರೆ ಹೀಗೆ ಹೇಳು ಎಂದು ಸಂದೇಶವನ್ನೂ ಕಳಿಸುತ್ತಾರೆ. ಅವ್ವ ಬಂದು ಕೂತಳೆಂದರೆ ಅಲ್ಲಿಯವರೆಗೆ ಕಲ್ಲಿನ ಹಾಗೆ ನಿಂತಿದ್ದ ಗಂಡಸರೂ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು.

ಒಮ್ಮೆ ಓಣಿಯ ಗಂಗವ್ವ ತೀರಿಕೊಂಡಾಗ ಅವ್ವ ಅಳುತ್ತ ಅಳುತ್ತ, "ನನ್ನ ಕಡೆ ಒಯ್ದ ಜರಡಿ ಹೊಳ್ಳಿ ಕೊಡದ ಹೋದ್ಯಲ್ಲ ನನ ಗೆಣತಿ, ನಾ ಯಾತರಾಗ ಹಿಟ್ಟು ಸೋಸಲಿ" ಎಂದು ಅತ್ತಳು. ಮರುದಿನ ಬೆಳಿಗ್ಗೆ ಗಂಗವ್ವನ ಸೊಸೆ ಜರಡಿಯನ್ನು ತೊಳೆದು ತಂದು ನಮ್ಮ ಕಟ್ಟೆಯ ಮೇಲಿಟ್ಟು, ಮಾತಾಡದೆ ಹೋದಳು. ಅವ್ವನಿಗೆ ಬಹಳ ಕೆಟ್ಟೆನಿಸಿತು. "ನಾ ಜರಡಿ ಬೇಡಿಲ್ಲ, ಆಕೀಗಿ ನಮ್ಮ ಗೆಳೆತನ ನೆಪ್ಪ ಮಾಡಿಕೊಟ್ಟೆ" ಎಂದು ಎಷ್ಟೋ ದಿನ ಒದ್ದಾಡಿದಳು. ಜರಡಿಯನ್ನು ಮಾತ್ರ ವಾಪಸು ಕಳಿಸಲಿಲ್ಲ.

ಅವ್ವನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕನ್ನಡದವರ ಮನೆಯಲ್ಲಿ ಕನ್ನಡದಲ್ಲಿ ಅಳುತ್ತಿದ್ದಳು, ಮರಾಠಿಯವರ ಮನೆಯಲ್ಲಿ ಮರಾಠಿಯಲ್ಲಿ ಅಳುತ್ತಿದ್ದಳು, ನಮ್ಮವರು ಹೋದರೆ ನಮ್ಮ ಮಾತಿನಲ್ಲಿ ಅಳುತ್ತಿದ್ದಳು. ಚಿಕ್ಕವಳಿದ್ದಾಗ ನಾನೊಮ್ಮೆ ಕೇಳಿದ್ದೆ, ಹೀಗೆ ಯಾಕೆ ಬದಲಿಸುತ್ತೀ ಎಂದು. ಅವಳು ನನ್ನನ್ನು ದಡ್ಡಿಯ ಹಾಗೆ ನೋಡಿ, "ಸತ್ತವರಿಗೆ ತಿಳೀಬೇಕಲ್ಲ" ಎಂದಳು.

ಒಂದೇ ಸಲ ಅವಳ ಲೆಕ್ಕ ತಪ್ಪಿತು. ನಮ್ಮ ಮನೆಯ ಹತ್ತಿರದ ಕ್ವಾರ್ಟರ್ಸಿಗೆ ಮೈಸೂರು ಕಡೆಯ ಒಬ್ಬ ಸಾಹೇಬರು ಬಂದಿದ್ದರು. ಅವರ ತಾಯಿ ಇಲ್ಲಿಯೇ ತೀರಿಕೊಂಡರು. ಕನ್ನಡದವರೇ ಅಲ್ಲವೇ ಎಂದು ಅವ್ವ ಹೋಗಿ ತಲೆದೆಸೆಗೆ ಕೂತು ನಮ್ಮ ಕಡೆಯ ಕನ್ನಡದಲ್ಲಿ ದನಿಯೆತ್ತಿದಳು. ಆ ಮನೆಯವರು ಗಾಬರಿಯಾಗಿ ಕುರ್ಚಿ ತಂದು ಕೂರಿಸಿ, ನೀರು ಕೊಟ್ಟು, ಬೆನ್ನು ಸವರಿ, "ಯಾಕಮ್ಮಾ, ಏನಾಯ್ತು? ಡಾಕ್ಟರನ್ನ ಕರೆಸೋಣ್ವಾ?" ಎಂದರಂತೆ. ಅವ್ವ ನೀರು ಕುಡಿದು ಎದ್ದು ಬಂದಳು. "ಅವರ ಕನ್ನಡದಾಗ ಸಣ್ಣಗ ಅಳತಾರ, ನನಗ ಅದು ಬರೂದಿಲ್ಲ" ಎಂದು ನನಗೆ ಹೇಳಿದಳು. ಆ ತಾಯಿಯ ಮೇಲೂ ಆ ಮನೆಯವರ ಮೇಲೂ ಅವಳಿಗೆ ಸಿಟ್ಟಿರಲಿಲ್ಲ.

ನಮ್ಮ ಮಾತು ಎಂದೆನಲ್ಲ, ಅದನ್ನು ಹೇಳಬೇಕು. ನಾವು ಕಲ್ಲೊಡೆಯುವ ವಡ್ಡರು. ಇಲ್ಲಿಯ ಸರಕಾರಿ ಕಾಗದದಲ್ಲಿ ಭೋವಿ, ಗಡಿ ದಾಟಿದರೆ ವಡಾರ. ನಮ್ಮ ಮನೆಮಾತು ತೆಲುಗಿನ ದೂರದ ನೆಂಟ. ತೆಲುಗಿನವರ ಮುಂದೆ ಆಡಿದರೆ ಅವರೂ ಪೂರ್ತಿ ಒಪ್ಪಿಕೊಳ್ಳುವುದಿಲ್ಲ. ಅದಕ್ಕೆ ಲಿಪಿ ಇಲ್ಲ, ಪುಸ್ತಕವಿಲ್ಲ, ಬೋರ್ಡಿಲ್ಲ. ಮನೆಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಬರೀ "ನಮ್ಮ ಮಾತು" ಅಷ್ಟೇ. ಶಾಲೆಗೆ ಸೇರಿದ ಹೊಸತರಲ್ಲಿ ನಾನು ಬಾಯಿ ತಪ್ಪಿ ಆ ಮಾತಿನಲ್ಲಿ ನೀರು ಕೇಳಿದೆ. ಇಡೀ ಕ್ಲಾಸು ಒಂದು ತಿಂಗಳು ನನ್ನ ಕಂಡಾಗಲೆಲ್ಲ ಹಾಗೆಯೇ ನೀರು ಕೇಳಿತು. ಅಪ್ಪನಿಗೆ ಈ ಸುದ್ದಿ ಮುಟ್ಟಿದ ದಿನ ಮನೆಯಲ್ಲಿ ಆಜ್ಞೆಯಾಯಿತು. "ಶಾಲಿ ಕಲಿಯೂ ಹುಡುಗಿ ಮುಂದ ಆ ಮಾತು ಬ್ಯಾಡ."

ಅಪ್ಪ ರಸ್ತೆಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದವನು, ಮಗಳು ನೆರಳಲ್ಲಿ ಕೂತು ಕೆಲಸ ಮಾಡಲಿ ಎಂಬ ಒಂದೇ ಆಸೆ ಅವನಿಗೆ. ಅವನ ತಪ್ಪು ಎನ್ನಲಾರೆ. ಆದರೆ ಆಜ್ಞೆಯಿಂದ ಒಂದು ತಮಾಷೆಯಾಯಿತು. ಅಂದಿನಿಂದ ಅವರಿಬ್ಬರೂ ನನಗೆ ತಿಳಿಯಬಾರದ ಸಂಗತಿಗಳನ್ನೆಲ್ಲ ಆ ಮಾತಿನಲ್ಲೇ ಆಡತೊಡಗಿದರು. ಬೆಲ್ಲ ಎಲ್ಲಿಟ್ಟಿದೆ, ಯಾರಿಗೆ ಯಾರ ಮೇಲೆ ಸಂಶಯ, ಹಬ್ಬಕ್ಕೆ ನನಗೆ ಲಂಗ ತರುವುದೋ ಬೇಡವೋ, ಎಲ್ಲ ಅದರಲ್ಲೇ. ಇಂಥ ವಿಷಯಗಳಲ್ಲಿ ಮಕ್ಕಳ ಕಿವಿ ಎಷ್ಟು ಚುರುಕು ಎಂಬುದು ನಿಮಗೆ ಗೊತ್ತು. ಹೀಗಾಗಿ ನಮ್ಮ ಮಾತು ನನಗೆ ಪೂರ್ತಿ ತಿಳಿಯುತ್ತದೆ. ಆಡಲು ಹೋದರೆ ಮಾತ್ರ ನಾಲಿಗೆ ಹೊರಳುವುದಿಲ್ಲ, ಕನ್ನಡವೇ ಬಂದು ನಿಲ್ಲುತ್ತದೆ.

ಮುಂದೆ ನಾನು ಚಿಕ್ಕೋಡಿಯ ಕೋರ್ಟಿನಲ್ಲಿ ಟೈಪಿಸ್ಟಳಾದೆ. ಸಾಕ್ಷಿ ಮರಾಠಿಯಲ್ಲಿ ಹೇಳುತ್ತಿದ್ದ, ವಕೀಲರು ಇಂಗ್ಲಿಷಿನಲ್ಲಿ ಅಡ್ಡ ಹಾಕುತ್ತಿದ್ದರು, ನಾನು ಕನ್ನಡದಲ್ಲಿ ಬಡಿಯುತ್ತಿದ್ದೆ. ಕಚೇರಿಯ ರಾಜ್ಯೋತ್ಸವದಲ್ಲಿ ತಾಯಿನುಡಿಯ ಮೇಲೆ ಪ್ರಬಂಧ ಬರೆದು ಬಹುಮಾನವಾಗಿ ಒಂದು ಸ್ಟೀಲಿನ ಡಬ್ಬಿ ತಂದೆ. ಪ್ರಬಂಧ ಚೆನ್ನಾಗಿಯೇ ಇತ್ತು. ಅವ್ವ ಡಬ್ಬಿಯಲ್ಲಿ ಅವಲಕ್ಕಿ ತುಂಬಿಟ್ಟಳು. ಜನಗಣತಿಯವರು ಬಂದಾಗ ಅಪ್ಪ ಮಾತೃಭಾಷೆ ಕನ್ನಡ ಎಂದು ಬರೆಸಿದ. ಅವ್ವನ ಅಕ್ಕ ದುರ್ಗವ್ವನನ್ನು ನಿಪ್ಪಾಣಿ ಹತ್ತಿರದ ಹಳ್ಳಿಗೆ ಕೊಟ್ಟಿತ್ತು, ಅಲ್ಲಿ ಅವಳ ಮಕ್ಕಳು ಮರಾಠಿ ಎಂದು ಬರೆಸಿದರು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಗೆ ಸರಕಾರದ ಲೆಕ್ಕದಲ್ಲಿ ಬೇರೆ ಬೇರೆ ತಾಯಿಮಾತು ಬಂತು. ನಾವು ಇದನ್ನು ಹೇಳಿಕೊಂಡು ಬಹಳ ನಕ್ಕಿದ್ದೆವು.

ನಿಮಗೆ ಗೊತ್ತಲ್ಲ, ನಮ್ಮ ಕಡೆ ಆಗಾಗ ಭಾಷೆಯ ಗಲಾಟೆ ಎದ್ದು ಬಸ್ಸುಗಳಿಗೆ ಮಸಿ ಬೀಳುತ್ತದೆ. ಅಂಥದೊಂದು ಸಲ ಅವ್ವ ಅಕ್ಕನನ್ನು ನೋಡಲು ಹೊರಟಿದ್ದಾಗ ಬಸ್ಸು ನಿಲ್ಲಿಸಿ ಹತ್ತಿದ ಹುಡುಗರು, "ಅಜ್ಜೀ, ನೀ ಯಾವ ಕಡೆಯಾಕಿ?" ಎಂದು ಕೇಳಿದರು. ಅವರು ಕನ್ನಡದವರೋ ಮರಾಠಿಯವರೋ ನೆನಪಿಲ್ಲ, ಇಬ್ಬರ ಪ್ರಶ್ನೆಯೂ ಒಂದೇ. ಅವ್ವ ಎಲೆ ಅಡಿಕೆ ಅಗಿಯುತ್ತ, "ನಮ್ಮ ಕಡೆ ಯಾವ ಬಸ್ಸೂ ಹೋಗೂದಿಲ್ಲಪಾ" ಎಂದಳು. ಹುಡುಗರು ನಕ್ಕು ಇಳಿದು ಹೋದರು.

ಆ ದುರ್ಗವ್ವ ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಾಗ ಅವ್ವನಿಗೆ ಎಂಬತ್ತರ ಹತ್ತಿರ ವಯಸ್ಸು, ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ನಾನು ಕರೆದುಕೊಂಡು ಹೋದೆ. ದೊಡ್ಡವ್ವನ ಮಕ್ಕಳು ಒಳ್ಳೆಯವರು, ತಾಯಿಯನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಂಡವರು. ಅಂಗಳದಲ್ಲಿ ಸ್ಪೀಕರ್ ಮರಾಠಿ ಭಜನೆ ಹಾಡುತ್ತಿತ್ತು. ಅವ್ವ ಅಕ್ಕನ ತಲೆದೆಸೆಗೆ ಕೂತು, ಕೆನ್ನೆಯ ಮೇಲೆ ಕೈಯಿಟ್ಟು ನಮ್ಮ ಮಾತಿನಲ್ಲಿ ಶುರು ಮಾಡಿದಳು. ಭಜನೆಯ ಮೇಲೆಯೂ ಅವಳ ದನಿ ಕೇಳಿತು. ಮೊಮ್ಮಕ್ಕಳು ಮೊಬೈಲ್ ಎತ್ತಿ ಹಿಡಿದರು. ಒಬ್ಬ ಸೊಸೆ ಪಕ್ಕದವಳ ಕಿವಿಯಲ್ಲಿ, "ಮಾವಶಿ ಕಾಯ ಮ್ಹಣತಾಯತ ಗ?" ಎಂದಳು. ಚಿಕ್ಕಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದು, ಅಷ್ಟೇ. ಕುಚೋದ್ಯವಿರಲಿಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಪಕ್ಕದವಳಿಗೂ ಗೊತ್ತಿರಲಿಲ್ಲ. ದೊಡ್ಡವ್ವನ ಸ್ವಂತ ಮಕ್ಕಳಿಗೂ ಅಲ್ಲಲ್ಲಿ ಒಂದು ಮಾತಷ್ಟೇ ತಿಳಿದಿರಬೇಕು. ಅವ್ವ ನಿಲ್ಲಿಸಿದಳು. ಸುತ್ತ ಒಮ್ಮೆ ನೋಡಿ, ಮೂಗು ಒರೆಸಿಕೊಂಡು ಮರಾಠಿಯಲ್ಲಿ ಅಳತೊಡಗಿದಳು. ಮರಾಠಿಯಲ್ಲಿ ಅವಳು ಚೆನ್ನಾಗಿಯೇ ಅಳುತ್ತಿದ್ದಳು. ಈಗ ಸೊಸೆಯಂದಿರೂ ಬಿಕ್ಕಿದರು, ಮೊಮ್ಮಕ್ಕಳು ಮೊಬೈಲ್ ಕೆಳಗಿಳಿಸಿ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಹತ್ತಿರ ಕೂತಳು. ಹೊರಗೆ ನೋಡುತ್ತಲೇ, "ಅಕ್ಕಗ ಮರಾಠಿ ಬರತಿತ್ತು ಖರೆ. ಆದರ ನಾ ಆಕೀ ಕೂಡ ಒಮ್ಮೆರ ಮರಾಠಿ ಮಾತಾಡಿದ್ದಿಲ್ಲ. ಯಾರೋ ಪರಕೀ ಹೆಣಮಗಳು ಬಂದು ಅಳಾಕತ್ತಾಳ ಅಂದಿರತಾಳ" ಎಂದಳು.

"ನಿನ್ನ ದನಿ ಗುರುತ ಹಿಡದಿರತಾಳ ಬಿಡಬೇ" ಎಂದೆ.

ಅವ್ವ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು. "ನನಗ ಯಾರ ಅಳತಾರ?" ಎಂದು ಕೇಳಿದಳು.

"ನಾ ಇಲ್ಲೇನ?"

"ಯಾವ ಮಾತಿನ್ಯಾಗ ಅಳತಿ?"

ಬದುಕಿಡೀ ಊರವರಿಗೆಲ್ಲ ಅವರವರ ಮಾತಿನಲ್ಲಿ ಅತ್ತವಳು ಇವಳು. ಇವಳ ತಲೆದೆಸೆಗೆ ಕೂತು ಇವಳಿಗೆ ತಿಳಿಯುವ ಹಾಗೆ ಕರೆಯಲು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಬಾರದು. ಅವ್ವನಿಗೆ ಸಾವಿನ ಹೆದರಿಕೆ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಪರಕೀಯರ ನಡುವೆ ಹೋಗಬೇಕಾದೀತಲ್ಲ ಎಂಬುದೊಂದೇ ಅವಳ ಹೆದರಿಕೆ.

"ಕಲಿಸು, ಕಲೀತೀನಿ" ಎಂದೆ.

ಕಲಿಸುವುದೇನು ಸುಲಭವೇ? ಹಾಡ್ಯಾಡಿ ಅಳುವುದನ್ನು ಬದುಕಿದವರ ಮನೆಯಲ್ಲಿ ತಾಲೀಮು ಮಾಡುವ ಹಾಗಿಲ್ಲ. ಹೆಣವಿಲ್ಲದ ಮನೆಯಲ್ಲಿ ಆ ದನಿ ತೆಗೆದರೆ ಸಾವನ್ನು ಕೂಗಿ ಕರೆದಂತೆ. ಹಿಂದೆ ಹುಡುಗಿಯರು ಒಂದೊಂದು ಸಾವಿಗೆ ಹೋಗಿ ದೊಡ್ಡವರ ಬೆನ್ನ ಹಿಂದೆ ಕೂತು ಕಲಿಯುತ್ತಿದ್ದರು. ಈಗ ನಮ್ಮ ಮಾತಿನಲ್ಲಿ ಅಳುವ ಸಾವುಗಳೇ ಮುಗಿದಿದ್ದವು. ನನ್ನ ಮೊಬೈಲ್ ತೋರಿಸಿ, ಇದರಲ್ಲಿ ಹೇಳು, ತುಂಬಿಟ್ಟುಕೊಳ್ಳುತ್ತೇನೆ ಎಂದೆ. ಅವ್ವ ಎದೆ ಮುಟ್ಟಿಕೊಂಡಳು. "ಅಳೂ ದನಿ ಕಿಸೇದಾಗ ಇಟಗೊಂಡ ತಿರಗತಾರೇನ? ಮನ್ಯಾಗ ನಿನ ಗಂಡ ಅದಾನ, ಮಕ್ಕಳು ಮರಿ ಬಂದು ಹೋಗತಾವ" ಎಂದು ಬೈದಳು. ನಾನು ಉಳಿಸಿಕೊಳ್ಳಬಹುದಾಗಿದ್ದ ಅವಳ ದನಿ ಹೀಗೆ ಉಳಿಯದೆ ಹೋಯಿತು.

ದಾರಿಯನ್ನು ಅವಳೇ ಹುಡುಕಿದಳು. ಊರ ಹೊರಗೆ ಅಪ್ಪ ಹರೆಯದಲ್ಲಿ ಕಲ್ಲೊಡೆದ ಖಣಿ ಇದೆ. ಈಗ ಕೆಲಸ ನಿಂತು ನೀರು ತುಂಬಿದೆ, ದಂಡೆಯಲ್ಲಿ ಜಾಲಿ ಬೆಳೆದಿದೆ. ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿ, ಹಾಲು ಬಿಡುವ ಮೊದಲೇ ಜ್ವರದಲ್ಲಿ ಹೋಗಿತ್ತು. ಅದನ್ನು ಅಲ್ಲೇ ಆ ದಂಡೆಯಲ್ಲಿ ಮಣ್ಣು ಮಾಡಿದ್ದರು. "ಆಕಿ ಹೋದಾಕಿ. ಆಕೀಗಿ ಅತ್ತರ ಯಾರಿಗೂ ದೋಷಿಲ್ಲ" ಎಂದಳು ಅವ್ವ. ಹೀಗೆ ನಾವಿಬ್ಬರೂ ಸಂಜೆಯ ಬಿಸಿಲು ಇಳಿದ ಮೇಲೆ ಆಟೋ ಮಾಡಿಕೊಂಡು ಖಣಿಗೆ ಹೋಗತೊಡಗಿದೆವು.

ನಾನು ಕಲಿಯಲು ಹೋದವಳು, ನಿಜ. ಡಿಕ್ಟೇಶನ್ ತೆಗೆದುಕೊಳ್ಳುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಆದರೆ ಅವ್ವ ಮಣ್ಣಿನ ಮೇಲೆ ಅಂಗೈಯಿಟ್ಟು "ನಾ ಬಿಡ್ಡಾ" ಎಂದು ದನಿ ತೆಗೆದಾಗ ಅದು ಪಾಠವಾಗಿ ಉಳಿಯಲಿಲ್ಲ. ನಾ ಬಿಡ್ಡಾ ಎಂದರೆ ನನ್ನ ಕೂಸೇ ಎಂದು. ಯಾಡ ಪೋತಿವಿ, ಎಲ್ಲಿಗೆ ಹೋದೆ ಎಂದು ಕೇಳುತ್ತಾಳೆ. ಹಾಲು ಕುಡಿದ ತುಟಿ ಇನ್ನೂ ಆರಿಲ್ಲ. ಅಂಬೆಗಾಲಿಡಲು ಕಲಿತಿರಲಿಲ್ಲ ನೀನು, ಅಷ್ಟು ದೂರ ಹೇಗೆ ಹೋದೆ. ಅಲ್ಲಿ ಯಾರ ಮಾತು ನಿನಗೆ ತಿಳಿಯುತ್ತದೆ, ನಿನ್ನ ತೊದಲು ಯಾರಿಗೆ ತಿಳಿಯುತ್ತದೆ. ಹೆದರಬೇಡ, ಹಾದಿ ಬದಿಗೆ ಕೂತಿರು, ನಾನು ಹಿಂದಿನಿಂದ ಬರುತ್ತೇನೆ. ಇಷ್ಟು ವರ್ಷವಾದ ಮೇಲೂ ಅವಳ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು. ನನಗೆ ಆ ಅಕ್ಕನ ಮೇಲೆ ಮೊದಲ ಸಲ ಅಕ್ಕರೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಬಂದವು. ಅವಳ ಜೊತೆ ಅವ್ವ ನಮ್ಮ ಮಾತನ್ನು ಮಾತ್ರ ಆಡಿದ್ದಳು.

ನನ್ನ ಬಾರಿ ಬಂದಾಗ ನನಗೆ ನಾಚಿಕೆ. ನನ್ನ ದನಿ ಕೋರ್ಟಿನಲ್ಲಿ ಹೆಸರು ಕೂಗುವ ದನಿಯಾಗುತ್ತಿತ್ತು. "ಎಳಿ, ಇನ್ನೊಟು ಎಳಿ. ಅಲ್ಲೇ ಉಸರ ಬಿಡಬ್ಯಾಡ" ಎಂದು ಅವ್ವ ತೊಡೆ ತಟ್ಟುತ್ತಿದ್ದಳು. ಮಾತು ತಪ್ಪಿದರೆ ಬಿಡುತ್ತಿದ್ದಳು, ಧಾಟಿ ತಪ್ಪಿದರೆ ಬಿಡುತ್ತಿರಲಿಲ್ಲ. ಒಂದು ಚಳಿಗಾಲ ಪೂರ್ತಿ ಹೋಗಿರಬೇಕು. ಬರಬರುತ್ತ ನಾಲಿಗೆ ಸಡಿಲಾಯಿತು. ಒಂದು ಸಂಜೆ ನಾನು ಶುರು ಮಾಡಿ ಮುಗಿಸುವವರೆಗೆ ಅವ್ವ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನನ್ನ ಬೆನ್ನ ಮೇಲೆ ಕೈಯಾಡಿಸಿ, "ಆಕೀಗಿ ತಿಳದಿರತೈತಿ" ಎಂದಳು.

ಇಷ್ಟರಲ್ಲಿ ಊರಲ್ಲಿ ಬೇರೆ ಕತೆ ಹುಟ್ಟಿತ್ತು. ಖಣಿಯ ಕಡೆ ಆಡು ಮೇಯಿಸುವವರು ತಾಯಿ ಮಗಳು ನೀರಿನ ದಂಡೆಯಲ್ಲಿ ಕೂತು ಗೋಳಾಡುವುದನ್ನು ನೋಡಿದ್ದರು. ನನ್ನ ಗಂಡ ಹೈಸ್ಕೂಲಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಒಂದು ದಿನ ಓಣಿಯ ಹಿರಿಯರು ನಾಲ್ಕು ಜನ ಬಂದು ಅವರನ್ನು ಕೂರಿಸಿಕೊಂಡು, "ಈ ವಯಸ್ಸಿನ್ಯಾಗ ಹೆಂಡತಿಗಿ ಕಾಡೂದು ಚಲೋ ಅಲ್ಲರಿ ಸರ" ಎಂದು ಬುದ್ಧಿ ಹೇಳಿದರು. ನಮ್ಮವರು ಚಹಾ ಕೊಟ್ಟು, ಎಲ್ಲದಕ್ಕೂ ಹೂಂ ಎಂದು, ಅವರು ಹೋದ ಮೇಲೆ ಒಳಗೆ ಬಂದು, "ನಾ ಏನ ಮಾಡೇನಿ?" ಎಂದು ನನ್ನನ್ನೇ ಕೇಳಿದರು. ಅವ್ವ ಮತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಈಗ ಮುಖ್ಯವಾದದ್ದು ಬಾಕಿ ಇತ್ತು. ನಾನು ಕಲಿತದ್ದು ತಾಯಿ ಕೂಸಿಗೆ ಅಳುವ ಅಳು. ಮಗಳು ತಾಯಿಗೆ ಅಳುವುದು ಬೇರೆ, ಅದು ಉದ್ದ, ಅದರಲ್ಲಿ ತವರಿನ ಹಾದಿಯೆಲ್ಲ ಬರುತ್ತದೆ. ಅದನ್ನೂ ಹೇಳಿಕೊಡು ಎಂದೆ. ಅವ್ವ ಯೋಚನೆ ಮಾಡಿ, "ಅದನ್ನ ನಮ್ಮವ್ವಗ ಅಳಬೇಕು. ಆಕೀ ಮಣ್ಣು ಅಥಣಿ ಕಡೆ ಐತಿ. ಬ್ಯಾಸಗಿ ಸರೀಲಿ, ಹೋಗೂಣು" ಎಂದಳು. ಇಲ್ಲೇ ಖಣಿಯಲ್ಲೇ ಕೂತು ಹೇಳು, ಏನಾಗುತ್ತದೆ ಎಂದು ಒತ್ತಾಯ ಮಾಡಿದೆ. ಅವಳು ಒಪ್ಪಲಿಲ್ಲ. ಇಲ್ಲಿ ಕೂತು ಅಲ್ಲಿಯವಳಿಗೆ ಅತ್ತರೆ ಕೇಳುವುದಿಲ್ಲವಂತೆ.

ಬೇಸಿಗೆ ಸರಿಯುವ ಮೊದಲೇ ಅವ್ವ ಹಾಸಿಗೆ ಹಿಡಿದಳು. ಉಸಿರಾಟದ ತೊಂದರೆ. ಆಸ್ಪತ್ರೆಗೆ ಒಯ್ದೆವು, ಕರೆತಂದೆವು. ಮಾತು ಬಹಳ ಕಡಿಮೆಯಾಯಿತು. ನಾನು ಹತ್ತಿರ ಕೂತಾಗ ಒಮ್ಮೊಮ್ಮೆ ತುಟಿ ಅಲ್ಲಾಡುತ್ತಿತ್ತು, ಆ ಉದ್ದನೆಯ ಅಳುವನ್ನು ಹೇಳಲು ನೋಡುತ್ತಿದ್ದಾಳೋ ನೀರು ಕೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ, ನಮ್ಮದು ಬದುಕಿದವರ ಮನೆ. ಒಂದು ಬೆಳಿಗ್ಗೆ, ನಾನು ಮುಖ ಒರೆಸಲು ಬಿಸಿನೀರು ತರುವಷ್ಟರಲ್ಲಿ ಅವ್ವ ಹೋಗಿದ್ದಳು.

ಸ್ಪೀಕರ್ ಬಂತು. ಯಾರು ಹೇಳಿದ್ದರೋ ಗೊತ್ತಿಲ್ಲ, ಅದು ಈಗ ಹೇಳದೆಯೂ ಬರುತ್ತದೆ. ನಾನು ಎದ್ದು ಹೋಗಿ, "ಇದನ್ನ ಬಂದ್ ಮಾಡ್ರಿ" ಎಂದೆ. ಹಾಕಿದ ಹುಡುಗ ನಮ್ಮವರ ಮುಖ ನೋಡಿದ, ನಮ್ಮವರು ತಲೆಯಾಡಿಸಿದರು. ಅಂಗಳ ಒಮ್ಮೆಲೆ ಸುಮ್ಮನಾಯಿತು. ನಾನು ಅವ್ವನ ತಲೆದೆಸೆಗೆ ಕೂತು ಕೆನ್ನೆಯ ಮೇಲೆ ಕೈಯಿಟ್ಟೆ.

ತಾಯಿಗೆ ಅಳುವ ಮಾತು ನನ್ನಲ್ಲಿ ಒಂದೂ ಇರಲಿಲ್ಲ. ನಾನು ಸ್ವಂತ ಕಟ್ಟಲು ನೋಡಿದೆ, ಬಾಯಿಗೆ ಕನ್ನಡ ಬಂತು. ಕನ್ನಡದಲ್ಲಿ ನನಗೆ ಬೇಕಾದಷ್ಟು ಮಾತಿದೆ, ಇಷ್ಟುದ್ದ ಬರೆಯುತ್ತಿದ್ದೇನಲ್ಲ. ಆದರೆ ಬಸ್ಸಿನಲ್ಲಿ ಅವಳು ಕೇಳಿದ್ದು ನೆನಪಾಗಿ ಆ ಮಾತನ್ನು ನುಂಗಿದೆ. ಆಮೇಲೆ ನನಗೆ ಬರುವ ಒಂದೇ ಅಳುವನ್ನು ಎತ್ತಿಕೊಂಡೆ. ನಾ ಬಿಡ್ಡಾ, ಯಾಡ ಪೋತಿವಿ. ಸುಕ್ಕುಗಟ್ಟಿದ ಆ ಮುಖಕ್ಕೆ, ಹಾಲು ಕುಡಿದ ತುಟಿ ಇನ್ನೂ ಆರಿಲ್ಲ ಎಂದೆ. ಅಂಬೆಗಾಲಿಡಲು ಕಲಿತಿರಲಿಲ್ಲ, ಅಷ್ಟು ದೂರ ಹೇಗೆ ಹೋದೆ ಎಂದೆ. ಹಾದಿ ಬದಿಗೆ ಕೂತಿರು, ನಾನು ಹಿಂದಿನಿಂದ ಬರುತ್ತೇನೆ ಎಂದೆ. ಸುತ್ತ ಕೂತವರಿಗೆ ಒಂದಕ್ಷರ ತಿಳಿಯದಿದ್ದರೂ ಅತ್ತರು. ಧಾಟಿ ಎಲ್ಲಿಯೂ ತಪ್ಪಲಿಲ್ಲ.

ಮಣ್ಣು ಮುಗಿಸಿ ಬಂದು ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ ಒಬ್ಬ ಮುದುಕರು ಕೋಲೂರಿಕೊಂಡು ನನ್ನ ಹತ್ತಿರ ಬಂದರು. ರಾಯಬಾಗದ ಯಂಕಪ್ಪಕಾಕಾ, ಅಪ್ಪನಿಗೆ ದೂರದ ತಮ್ಮನಾಗಬೇಕು. ನಾನು ಅವರನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅವರು ನಮ್ಮ ಮಾತಿನಲ್ಲೇ ಮಾತಾಡಿದರು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಬೇರೆ ದಾರಿಯಿಲ್ಲ.

"ನೀ ಅತ್ತದ್ದು ಕೂಸಿಗಿ ಅಳೂದಲ್ಲನವ್ವಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಹೌದ್ರಿ ಕಾಕಾ. ಅವ್ವ ಅದೊಂದ ಕಲಿಸಿದ್ಲು. ತಾಯಿದು ಕಲಿಸೂದು ಆಗಲಿಲ್ಲ. ತಪ್ಪಾತೇನ್ರಿ?"

ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. "ತಪ್ಪ ಯಾಕಾಗತೈತಿ. ಆಕಿಗಿ ತಿಳೀತಲ್ಲ, ಅಷ್ಟ ಸಾಕು." ಆಮೇಲೆ ಕೇಳಿದರು, "ನಮ್ಮ ಮನ್ಯಾಗ ಎಲ್ಲಾರೂ ಕನ್ನಡದಾಗ ಅಳತಾರ. ಚಲೋ ಅಳತಾರ, ಅದಕ್ಕೇನಿಲ್ಲ. ನಾ ಹೋದಾಗ ನಿನಗ ಫೋನ್ ಮಾಡಸ್ತೀನಿ, ಬರತಿ?"

"ಬರತೀನ್ರಿ. ಆದರ ನನಗ ಬರೂದು ಅದೊಂದ ಐತ್ರಿ ಕಾಕಾ. ನಿಮಗ ಕೂಸ ಅಂತ ಹೆಂಗ ಕರೀಲಿ?"

"ಕರಿ" ಎಂದರು. "ಹಂಗ ಕರಿಯೋರು ಯಾರೂ ಉಳದಿಲ್ಲ."

ನಂಬರು ಕೊಟ್ಟು ಕಳಿಸಿದೆ. ಅಂದಿನಿಂದ ಕಾಕಾನ ನಂಬರು ಮೊಬೈಲಿನಲ್ಲಿ ಕಂಡಾಗಲೆಲ್ಲ ಅವರ ಮನೆಯವರು ಮಾಡಿದ ಫೋನೇನೋ ಎಂದು ಎತ್ತಲು ಕೈ ಬರುವುದಿಲ್ಲ. ಎತ್ತಿದರೆ ಆ ಕಡೆಯಿಂದ ಅವರದೇ ದನಿ. ಇನ್ನೂ ಇದ್ದೇನೆ ಎಂದು ನಮ್ಮ ಮಾತಿನಲ್ಲಿ ಹೇಳುತ್ತಾರೆ. ಹೊಲದ ಸುದ್ದಿ, ಮೊಣಕಾಲಿನ ಸುದ್ದಿ ಎಲ್ಲ ಹೇಳುತ್ತಾರೆ. ಆ ಮಾತು ಆಡಲು ಅವರಿಗೆ ನಾನು ಬಿಟ್ಟರೆ ಬೇರೆ ಯಾರೂ ಇಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ, ಅದೇ ಮಾತಿನಲ್ಲಿ ಉತ್ತರ ಕೊಡಬೇಕೆಂದು ಪ್ರತಿ ಸಲವೂ ನೋಡುತ್ತೇನೆ, ಆಗುವುದಿಲ್ಲ. ಕೊನೆಗೆ ಕನ್ನಡದಲ್ಲಿಯೇ, "ಇರ್ರಿ ಕಾಕಾ, ಇನ್ನೊಂದಿಷ್ಟು ದಿನ ಇರ್ರಿ" ಎನ್ನುತ್ತೇನೆ.